ಬೈಂಡರ್, ಬೆಂಕಿಪೆಟ್ಟಿಗೆ, ಕಂದು ಕವರ್: ಕೆನಡಾದಲ್ಲಿ ನಮ್ಮ ಕಾಗದಪತ್ರಗಳ ಪಾಡು

2022ರ ಮೇ ತಿಂಗಳಲ್ಲಿ ನಾವು ಮೂವರು ಟೊರೊಂಟೊದಲ್ಲಿ ಇಳಿದಾಗ ನನ್ನ ಹೆಗಲಿನಲ್ಲಿ ಒಂದು ನೀಲಿ ಜಿಪ್ ಚೀಲ ಇತ್ತು. ಹಾಸನದ ಸ್ಟೇಷನರಿ ಅಂಗಡಿಯದು. ಪಾಸ್‌ಪೋರ್ಟು, ಕಾಯಂ ವಾಸದ (ಪಿ.ಆರ್.) ದೃಢೀಕರಣದ ಪತ್ರ, ಮಾರ್ಕ್ಸ್ ಕಾರ್ಡು, ಮದುವೆ ನೋಂದಣಿ ಪತ್ರ, ಮಗಳ ಲಸಿಕೆ ಬರೆದಿದ್ದ ತಾಯಿ ಕಾರ್ಡು, ತಂದ ಒಡವೆಗಳ ಪಟ್ಟಿ, ಎಲ್ಲವೂ ಒಂದರ ಮೇಲೊಂದು.

ಮೊದಲ ಎರಡು ವಾರ ಆ ಚೀಲವೇ ಸಾಕಾಯಿತು. ಯಾರು ಏನು ಕೇಳಿದರೂ ಅದರೊಳಗೆ ಇರುತ್ತಿತ್ತು. ಕೌಂಟರಿನ ಮುಂದೆ ಎಲ್ಲ ಹರಡಿ ಹುಡುಕಬೇಕು, ಅಷ್ಟೇ. ಆಮೇಲೆ ಒಂದು ದಿನ ಟೊರೊಂಟೊ ಪಕ್ಕದ ಮಿಸ್ಸಿಸಾಗಾದ ಬಸ್ಸಿನಲ್ಲಿ ಚೀಲವನ್ನು ಸೀಟಿನ ಮೇಲೇ ಬಿಟ್ಟು ಇಳಿದುಬಿಟ್ಟೆ. ಬಾಗಿಲು ಮುಚ್ಚುವ ಮೊದಲು ಹಿಂದೆ ಕೂತಿದ್ದ ಹುಡುಗಿ ಕೂಗಿ ಕರೆದಳು. ಕಾಲು ನಡುಗುತ್ತಿತ್ತು. ಜಿಪ್ ಚೀಲದ ಕಥೆ ಅಲ್ಲಿಗೆ ಮುಗಿಯಿತು.

ಅವತ್ತು ರಾತ್ರಿ ಮನೆಯಲ್ಲಿ ಪೈಪೋಟಿ ಶುರುವಾಯಿತು. ನಮ್ಮನೆಯವರದು ಬೈಂಡರ್ ಪಕ್ಷ, ಅಂದರೆ ತೂತಿರುವ ಹಾಳೆಗಳನ್ನು ಉಂಗುರಕ್ಕೆ ಸಿಕ್ಕಿಸುವ ದಪ್ಪ ಫೈಲು. ನನ್ನದು ಕವರ್ ಪಕ್ಷ. ಮೂರು ವರ್ಷದಲ್ಲಿ ಇಬ್ಬರೂ ಸೇರಿ ಆರು ಪದ್ಧತಿ ನೋಡಿದ್ದೇವೆ. ಎಲ್ಲಕ್ಕೂ ಒಂದೇ ಪರೀಕ್ಷೆ: ಜೋಡಿಸಿದವರು ಮನೆಯಲ್ಲಿ ಇಲ್ಲದಾಗ ಇನ್ನೊಬ್ಬರು ಐದು ನಿಮಿಷದಲ್ಲಿ ಕಾಗದ ಹುಡುಕಿ ತೆಗೆಯಬೇಕು.

ಮೊದಲು ಬೈಂಡರ್. ನೋಡಲು ಅದರಷ್ಟು ಚೆಂದ ಯಾವುದೂ ಇಲ್ಲ. ಗುರುತು, ಶಿಕ್ಷಣ, ಬ್ಯಾಂಕು, ತೆರಿಗೆ, ಇಂಡಿಯಾ ಅಂತ ಬಣ್ಣಬಣ್ಣದ ವಿಭಾಗ ಮಾಡಿ, ಪ್ರತಿ ಕಾಗದವನ್ನೂ ಪಾರದರ್ಶಕ ಹಾಳೆಯೊಳಗೆ ಹಾಕಿ, ಒಂದು ಭಾನುವಾರ ಪೂರ್ತಿ ಕೂತು ಜೋಡಿಸಿದರು. ಆಗ ಗೊತ್ತಾಗಿದ್ದು, ನಮ್ಮ ಕಾಗದಗಳಿಗೂ ಇಲ್ಲಿನ ಬೈಂಡರಿಗೂ ಅಳತೆಯೇ ಸೇರುವುದಿಲ್ಲ ಅಂತ. ಕೆನಡಾದಲ್ಲಿ ಕಾಗದ ಅಂದರೆ ಲೆಟರ್ ಅಳತೆ, ಉದ್ದ 279 ಮಿಲಿಮೀಟರ್. ನಮ್ಮ ಎ4 ಉದ್ದ 297. ಊರಿಂದ ತಂದ ಪ್ರತಿ ಹಾಳೆಯೂ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ಮೇಲಕ್ಕೆ ಇಣುಕುತ್ತದೆ. ಆರು ತಿಂಗಳಲ್ಲಿ ಆ ಅಂಚು ನಾಯಿಕಿವಿಯ ಹಾಗೆ ಮಡಚಿಕೊಂಡಿತು. ಲ್ಯಾಮಿನೇಷನ್ ಮಾಡಿಸಿದ್ದ ಮಾರ್ಕ್ಸ್ ಕಾರ್ಡು ಒಳಗೆ ಹೋಗಲೇ ಇಲ್ಲ. (ಊರಿನಲ್ಲಿ ಇನ್ನೂ ಇರುವವರಿಗೆ ಒಂದು ಮಾತು: ಒರಿಜಿನಲ್‌ಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಅದರ ಮೇಲೆ ಯಾರಾದರೂ ಮೊಹರು ಹಾಕಬೇಕೆಂದರೆ ಪ್ಲಾಸ್ಟಿಕ್ ಬಿಡಿಸುವುದೇ ದೊಡ್ಡ ಕೆಲಸ.)

ಪಾರದರ್ಶಕ ಹಾಳೆ ಖಾಲಿಯಾದಾಗ ನಮ್ಮನೆಯವರು ಪಂಚ್ ತೆಗೆದುಕೊಂಡರು. ಊರಿನ ಪಂಚ್ ಎರಡು ತೂತಿನದು, ಇಲ್ಲಿನದು ಮೂರು. ಮದುವೆ ನೋಂದಣಿ ಪತ್ರದ ಮೇಲೆ ಹಾಕಿ ಒತ್ತೇಬಿಟ್ಟರು. ಸಬ್ ರಿಜಿಸ್ಟ್ರಾರ್ ಮೊಹರಿನ ನಡುವೆ ಸರಿಯಾಗಿ ಒಂದು ತೂತು.

"ರೀ, ನಮ್ಮ ಮದುವೆಗೇ ತೂತು ಹಾಕಿದಿರಲ್ಲ!" ಅಂದೆ.

"ಗಟ್ಟಿಯಾಗಿ ಕೂರಲಿ ಅಂತ ಕಣೇ," ಅಂದರು.

ನಕ್ಕು ಸುಮ್ಮನಾದೆವು. ಆದರೆ ಬೈಂಡರಿನ ನಿಜವಾದ ತೊಂದರೆ ಗೊತ್ತಾಗಿದ್ದು ಮುಂದಿನ ವರ್ಷ ತೆರಿಗೆ ತುಂಬುವಾಗ. ಇಲ್ಲಿನ ನಿವಾಸಿಯಾದ ಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ಬಂದ ಆದಾಯವನ್ನೂ ಇಲ್ಲಿ ತೋರಿಸಬೇಕು. ಹಾಸನದ ಬ್ಯಾಂಕಿನಲ್ಲಿರುವ ನಮ್ಮ ಎಫ್.ಡಿ. ಬಡ್ಡಿಯೂ ಅದರಲ್ಲಿ ಸೇರಿತು. ಬೈಂಡರಿನಲ್ಲಿ ಆ ಕಾಗದ ಇದ್ದದ್ದು "ಇಂಡಿಯಾ" ವಿಭಾಗದಲ್ಲಿ. "ತೆರಿಗೆ" ವಿಭಾಗ ತೆರೆದು ಕೂತಿದ್ದ ನನಗೆ ಅದು ನೆನಪಿಗೇ ಬರಲಿಲ್ಲ. ನೆನಪಾದ ಮೇಲೆ ಇನ್ನೊಂದು ತಲೆನೋವು. ಊರಿನ ಬ್ಯಾಂಕು ಕೊಟ್ಟ ಬಡ್ಡಿ ಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಇಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಆ ಪತ್ರ ಹಾಗೇ ಉಪಯೋಗಕ್ಕೆ ಬರುವುದಿಲ್ಲ, ಪಾಸ್‌ಬುಕ್ ಹಿಡಿದು ತಿಂಗಳು ತಿಂಗಳು ಕೂಡಿಸಬೇಕು. ಏಪ್ರಿಲ್ 30 ಕೊನೆಯ ದಿನ. 28ರ ರಾತ್ರಿ ನಾನು ಅಪ್ಪನಿಗೆ ಫೋನ್ ಮಾಡಿ ಪಾಸ್‌ಬುಕ್ಕಿನ ಫೋಟೊ ಕಳಿಸಿ ಅಂತ ಗೋಗರೆಯುತ್ತಿದ್ದೆ.

ಅವತ್ತು ನನಗೆ ಅನ್ನಿಸಿತು. ಕಾಗದ ಯಾವ ಜಾತಿಯದು ಅಂತ ಜೋಡಿಸಿದರೆ ಜೋಡಿಸಿದವರಿಗೆ ಮಾತ್ರ ಸುಲಭ. ಯಾವ ಕೌಂಟರಿನವರು ಕೇಳುತ್ತಾರೆ ಅಂತ ಜೋಡಿಸಬೇಕು.

ನನ್ನ ಕಂದು ಕವರುಗಳ ಕಥೆಗೆ ಬರುವ ಮೊದಲು ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಾರ್ಮೋನಿಯಂ ಥರ ಬಿಚ್ಚಿಕೊಳ್ಳುವ ಹದಿಮೂರು ಖಾನೆಯ ಫೈಲನ್ನು ಡಾಲರ್ ಅಂಗಡಿಯಲ್ಲಿ ತಂದೆವು. ಅಗ್ಗ. ಮೂರು ತಿಂಗಳಲ್ಲಿ ಮೊದಲನೇ ಖಾನೆ ಉಬ್ಬಿ ಉಳಿದವು ಖಾಲಿ ಬಿದ್ದಿದ್ದವು, ಯಾಕೆಂದರೆ ಬಂದ ಟಪಾಲನ್ನೆಲ್ಲ ಎದುರಿಗೆ ಸಿಗುವ ಆ ಖಾನೆಗೇ ತುರುಕುತ್ತಿದ್ದೆವು. ಬ್ಯಾಂಕ್ ಲಾಕರ್ ವಿಚಾರಿಸಿ ಬಿಟ್ಟೆವು. ಒಡವೆಗೆ ಸರಿ. ಆದರೆ ಭಾನುವಾರ ರಾತ್ರಿ ಪಾಸ್‌ಪೋರ್ಟು ಬೇಕಾದರೆ ಯಾರನ್ನು ಎಬ್ಬಿಸುವುದು? ಬ್ಯಾಂಕಿನಲ್ಲಿಟ್ಟ ಠೇವಣಿಗೆ ಇರುವ ಸರ್ಕಾರಿ ವಿಮೆ ಲಾಕರಿನೊಳಗಿನ ವಸ್ತುವಿಗೆ ಇಲ್ಲ ಅನ್ನುವುದೂ ಆಗಲೇ ಗೊತ್ತಾಯಿತು.

ಬೆಂಕಿ ತಡೆಯುವ ಉಕ್ಕಿನ ಪೆಟ್ಟಿಗೆ ಮಾತ್ರ ಉಳಿದುಕೊಂಡಿತು. ಮಗಳು ಅದಕ್ಕೆ "ಬೆಂಕಿಪೆಟ್ಟಿಗೆ" ಅಂತ ಹೆಸರಿಟ್ಟಳು. ನಮ್ಮದು ಅಪಾರ್ಟ್‌ಮೆಂಟು, ಮನೆಗಳ ಒಳಗೋಡೆ ಬಹಳಷ್ಟು ಮರ ಮತ್ತು ಜಿಪ್ಸಂ ಹಲಗೆಯವು, ಹಾಗಾಗಿ ಈ ಭಯ ಸುಮ್ಮನೆ ಬಂದದ್ದಲ್ಲ. ನಮ್ಮ ಪೆಟ್ಟಿಗೆ ಅರ್ಧ ಗಂಟೆ ಬೆಂಕಿ ತಡೆಯುತ್ತದೆ ಅಂತ ಬರೆದಿದೆ. ಬರೆಯದೇ ಇದ್ದದ್ದು, ಅದರ ಗೋಡೆಯೊಳಗಿನ ಪದರದಿಂದ ತೇವ ಬಿಡುತ್ತದೆ ಅಂತ. ನಾಲ್ಕು ತಿಂಗಳ ನಂತರ ತೆರೆದರೆ ಹಾಳೆಗಳೆಲ್ಲ ಮೆತ್ತಗೆ, ಮಳೆಗಾಲದ ಹಪ್ಪಳದ ಹಾಗೆ. ಈಗ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನೆಲ್ಲ ಕೂಡಿಟ್ಟು ಅದರೊಳಗೆ ಹಾಕುತ್ತೇನೆ. ತಿಂಗಳಿಗೊಮ್ಮೆ ತೆರೆದು ಗಾಳಿಗೆ ಇಡುತ್ತೇನೆ. ಅಪ್ಪ ಪಹಣಿ, ಖಾತಾ ಇಟ್ಟಿದ್ದ ಟ್ರಂಕಿಗೆ ನುಸಿಗುಳಿಗೆ ಹಾಕುತ್ತಿದ್ದ ಹಾಗೆ.

ಇನ್ನು ಕ್ಲೌಡ್. ಎಲ್ಲ ಕಾಗದವನ್ನೂ ಸ್ಕ್ಯಾನ್ ಮಾಡಿ ಹಾಕಿದ್ದೇವೆ. ಇದರಲ್ಲಿ ಒಂದೇ ಒಂದು ನಿಯಮ ನಿಜಕ್ಕೂ ಕೆಲಸಕ್ಕೆ ಬಂತು: ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಕೆನಡಾದಲ್ಲಿ ಒಬ್ಬರು ದಿನ ಮೊದಲು ಬರೆಯುತ್ತಾರೆ, ಇನ್ನೊಬ್ಬರು ತಿಂಗಳು ಮೊದಲು. 05-06 ಅಂದರೆ ಮೇ ಆರೋ ಜೂನ್ ಐದೋ ದೇವರೇ ಬಲ್ಲ. ವರ್ಷ ಮೊದಲು ಬರೆದರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ.

2024ರಲ್ಲಿ ಊರಿಗೆ ಹೋದಾಗ ಕ್ಲೌಡ್ ಮಾನ ಉಳಿಸಿತು. ಉಳಿತಾಯ ಖಾತೆಯನ್ನು ಎನ್.ಆರ್.ಓ., ಅಂದರೆ ಅನಿವಾಸಿಗಳ ಖಾತೆ ಮಾಡಿಸಲು ಬ್ಯಾಂಕಿನವರು ಪಾಸ್‌ಪೋರ್ಟಿನ ಪ್ರತಿ, ಇಲ್ಲಿನ ವಿಳಾಸದ ದಾಖಲೆ ಕೇಳಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿದೆವು. ಅಂಗಡಿಯ ಹುಡುಗ "ಮೇಡಂ, ವಾಟ್ಸಾಪ್ ಮಾಡಿ" ಅಂದ, ಮಾಡಿದೆ. ನಮ್ಮ ಪಾಸ್‌ಪೋರ್ಟು ಆ ಕಂಪ್ಯೂಟರಿನಲ್ಲಿ ಇವತ್ತಿಗೂ ಇದ್ದರೆ ಆಶ್ಚರ್ಯ ಇಲ್ಲ. ಕೆಲಸಕ್ಕೂ ತೆರಿಗೆಗೂ ಇಲ್ಲಿ ಕೇಳುವ ಸಿನ್ ನಂಬರು ಮಾತ್ರ ಕ್ಲೌಡಿಗೆ ಹಾಕಿಲ್ಲ. ಒಂಬತ್ತು ಅಂಕಿ, ಇಬ್ಬರೂ ಬಾಯಿಪಾಠ ಮಾಡಿದ್ದೇವೆ. 2014ರಿಂದ ಅದಕ್ಕೆ ಪ್ಲಾಸ್ಟಿಕ್ ಕಾರ್ಡೇ ಇಲ್ಲ, ಬರೀ ಕಾಗದ. ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಬೇಡಿ ಅಂತ ಸರ್ಕಾರವೇ ಹೇಳುತ್ತದೆ.

ಆದರೆ ಇಲ್ಲಿನ ಕೌಂಟರುಗಳಲ್ಲಿ ಕ್ಲೌಡಿಗೆ ಅಂಥ ಬೆಲೆ ಇಲ್ಲ. ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಆರೋಗ್ಯ ಕಾರ್ಡಿಗೆ ಮೂರು ಬಗೆಯ ದಾಖಲೆ ಬೇಕು: ವಲಸೆಯ ಸ್ಥಿತಿ, ವಿಳಾಸ, ಗುರುತು. ಮೂರೂ ಒರಿಜಿನಲ್. ಫೋನಿನಲ್ಲಿ ತೋರಿಸಿದರೆ ನಗುತ್ತಾ ವಾಪಸ್ ಕಳಿಸುತ್ತಾರೆ. ಡಿಜಿಲಾಕರ್ ಇನ್ನೂ ದೂರದ ಮಾತು. ಇಂಡಿಯಾದಲ್ಲಿ ಅದರೊಳಗಿನ ಕಾಗದ ಒರಿಜಿನಲ್‌ಗೆ ಸಮ. ಇಲ್ಲಿ ಅದರ ಹೆಸರು ಹೇಳಿದರೆ ಮುಖ ಮುಖ ನೋಡುತ್ತಾರೆ. ಅದೂ ಅಲ್ಲದೆ ಒ.ಟಿ.ಪಿ. ಬರುವುದು ಊರಿನ ನಂಬರಿಗೆ. ರೀಚಾರ್ಜ್ ಮರೆತು ನನ್ನ ಸಿಮ್ ಸತ್ತುಹೋದ ಮೇಲೆ ಡಿಜಿಲಾಕರ್ ನನಗೆ ಬೀಗ ಹಾಕಿದ ಮನೆ.

ಈಗ ನನ್ನ ಕವರು. ಕಂದು ಬಣ್ಣದ ದೊಡ್ಡ ಕವರು, ಎ4ಗೂ ಜಾಗ ಸಾಲುವಂಥದ್ದು. ಒಂದೊಂದು ಕೌಂಟರಿಗೆ ಒಂದೊಂದು. "ಶಾಲೆ" ಕವರಿನಲ್ಲಿ ಬಾಡಿಗೆ ಕರಾರು, ಮಗಳ ಜನನ ಪತ್ರ, ತಾಯಿ ಕಾರ್ಡಿನ ಲಸಿಕೆ ಪುಟ. "ಲೈಸೆನ್ಸ್" ಕವರಿನಲ್ಲಿ ಹಾಸನದ ಆರ್‌.ಟಿ.ಓ. ಕೊಟ್ಟ, ಊರಿನ ಲೈಸೆನ್ಸಿನ ವಿವರ ಇರುವ ಡಿ.ಎಲ್. ಎಕ್ಸ್‌ಟ್ರಾಕ್ಟ್. "ತೆರಿಗೆ" ವರ್ಷಕ್ಕೊಂದು ಕವರು, ಊರಿನ ಬಡ್ಡಿ ಲೆಕ್ಕ ಅದರಲ್ಲೇ. ತೆರಿಗೆ ಕಾಗದವನ್ನು ಆರು ವರ್ಷ ಇಟ್ಟುಕೊಳ್ಳಬೇಕು. "ಪೌರತ್ವ" ಕವರಿನಲ್ಲಿ ಒಂದು ಪುಟ್ಟ ನೋಟ್‌ಬುಕ್: ದೇಶ ಬಿಟ್ಟ ದಿನ, ವಾಪಸ್ ಬಂದ ದಿನ, ಬೋರ್ಡಿಂಗ್ ಪಾಸು. ಐದು ವರ್ಷದಲ್ಲಿ 1095 ದಿನ ಇಲ್ಲಿ ಇದ್ದೆವು ಅಂತ ಲೆಕ್ಕ ಕೊಡಬೇಕು. ವಾಪಸ್ ಬಂದ ದಿನದ ಮೊಹರು ಪಾಸ್‌ಪೋರ್ಟಿನಲ್ಲಿ ಇದ್ದೇ ಇರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ಪ್ರತಿ ಕವರಿನಲ್ಲೂ ಒಂದು ಅಫಿಡವಿಟ್ಟಿನ ಜೆರಾಕ್ಸ್ ಇದೆ. ನನ್ನ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವು ಬಿಚ್ಚಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿವೆ. ಬ್ಯಾಂಕಿನಿಂದ ಫೋನ್ ಬಂದರೆ "ಮಿಸ್ ಹೊಳೆನರಸೀಪುರ ಇದ್ದಾರಾ?" ಅಂತ ಕೇಳುತ್ತಾರೆ. ಎರಡೂ ಹೆಸರು ಒಬ್ಬಳದೇ ಅಂತ ಊರಿನ ನೋಟರಿ ಮುಂದೆ ಮಾಡಿಸಿದ ಆ ಒಂದು ಹಾಳೆ ಇಲ್ಲಿ ನಾಲ್ಕು ಸಲ ಕೆಲಸಕ್ಕೆ ಬಂದಿದೆ. ಬರುವವರು ಹೊರಡುವ ಮೊದಲೇ ಮಾಡಿಸಿಕೊಂಡು ಬನ್ನಿ.

ನನ್ನ ಪದ್ಧತಿಯಲ್ಲೂ ತೂತು ಇದೆ, ಪಂಚ್ ಇಲ್ಲದೆಯೇ. ಪಾಸ್‌ಪೋರ್ಟು ನಾಲ್ಕು ಕೌಂಟರಿಗೂ ಬೇಕು, ಇರುವುದು ಒಂದೇ. ಹಾಗಾಗಿ ಒರಿಜಿನಲ್‌ಗಳೆಲ್ಲ ಬೆಂಕಿಪೆಟ್ಟಿಗೆಯಲ್ಲಿ, ಕವರಿನಲ್ಲಿ ಜೆರಾಕ್ಸ್ ಮಾತ್ರ. ಯಾವ ಒರಿಜಿನಲ್ ಜೊತೆಗೆ ಒಯ್ಯಬೇಕು ಅಂತ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದೆ. ಒಯ್ದದ್ದು ವಾಪಸ್ ಪೆಟ್ಟಿಗೆಗೆ ಹೋಗಬೇಕಲ್ಲ? ಮಗಳ ಜನನ ಪತ್ರ ಶಾಲೆ ಕವರಿನಲ್ಲೇ ಎಂಟು ತಿಂಗಳು ಮಲಗಿತ್ತು. ಮನೆಯೆಲ್ಲ ಜಾಲಾಡಿದ್ದೆವು. ಈಗ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಏನು ಹೋಯಿತು, ಯಾವಾಗ, ಬಂತೋ ಇಲ್ಲವೋ. ಲೈಬ್ರರಿ ಥರ.

ಐದು ನಿಮಿಷದ ಪರೀಕ್ಷೆಯಲ್ಲಿ ಬೈಂಡರ್ ಸೋತಿತು. ನಾನು ಹನ್ನೊಂದು ನಿಮಿಷ ಹುಡುಕಿದೆ. ಕವರಿನಲ್ಲಿ ನಮ್ಮನೆಯವರಿಗೆ ಎರಡು ನಿಮಿಷ ಸಾಕಾಯಿತು. ಅವರು ಒಪ್ಪಿಲ್ಲ. ಬೈಂಡರ್ ಇನ್ನೂ ಕಪಾಟಿನಲ್ಲಿದೆ, ಮುಗಿದ ಕರಾರು, ಹಳೇ ಬಿಲ್ಲು ಎಲ್ಲ ಅದರಲ್ಲಿ ಚೆಂದವಾಗಿ ಕೂತಿವೆ.

ಒಂದೇ ಒಂದು ಕಾಗದಕ್ಕೆ ಮಾತ್ರ ಎಲ್ಲೂ ಜಾಗ ಸಿಕ್ಕಿಲ್ಲ. ವಿಶ್ವವಿದ್ಯಾಲಯದಿಂದ ತರಿಸಿದ ಟ್ರಾನ್ಸ್‌ಕ್ರಿಪ್ಟಿನ, ಅಂದರೆ ಅಂಕಗಳ ಪಟ್ಟಿಯ, ಇನ್ನೊಂದು ಸೆಟ್, ಮುಚ್ಚಿದ ಲಕೋಟೆ, ಅಂಟಿನ ಮೇಲೆ ಅಡ್ಡಲಾಗಿ ಮೊಹರು. ಒಡೆದರೆ ಬೆಲೆ ಹೋಯಿತು. ಬೈಂಡರಿಗೆ ದೊಡ್ಡದು, ಬೆಂಕಿಪೆಟ್ಟಿಗೆಗೆ ಉದ್ದ. ಯಾವ ಕೌಂಟರಿನವರೂ ಇನ್ನೂ ಕೇಳಿಲ್ಲ, ಹಾಗಾಗಿ ಕವರೂ ಇಲ್ಲ. ಸದ್ಯಕ್ಕೆ ಬಟ್ಟೆ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇದೆ. ಅಮ್ಮನೂ ಮುಖ್ಯವಾದದ್ದನ್ನೆಲ್ಲ ಅಲ್ಲೇ ಇಡುತ್ತಿದ್ದಳು.