ದೇವರಾಯನದುರ್ಗದ ಏರಿನಲ್ಲಿ ಅಪ್ಪನ ಫಿಯಟ್, ನಮ್ಮ ಸ್ವಿಫ್ಟ್

ಆರ್‌ಸಿಯಲ್ಲಿ ಪ್ರೀಮಿಯರ್ ಪದ್ಮಿನಿ ಅಂತಿದೆ. ನಮ್ಮ ಮನೆಯಲ್ಲಿ ಅದು ಯಾವತ್ತೂ ಫಿಯಟ್ಟೇ. ಅಪ್ಪ 1982ರಲ್ಲಿ ಕೊಂಡ ಗಾಡಿ. ಹೋದ ವರ್ಷ ಹೊಸ ಸ್ವಿಫ್ಟ್ ಬಂತು. ಯಾವುದು ಚೆನ್ನ ಅಂತ ನೆಂಟರೆಲ್ಲ ಕೇಳುತ್ತಿದ್ದರು. ಅಮ್ಮನನ್ನು ಕೂರಿಸಿಕೊಂಡು ಎರಡು ಭಾನುವಾರ, ಒಂದೊಂದು ಕಾರಿನಲ್ಲಿ, ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿಬಂದೆ.

ಫಿಯಟ್ ಹೊರಡಿಸುವುದೇ ಒಂದು ಕೆಲಸ. ಬೆಳಗಿನ ಚಳಿಗೆ, ಪೆಟ್ರೋಲ್ ಅಂಶ ಹೆಚ್ಚಿಸುವ ಚೋಕ್ ಎಳೆಯಬೇಕು, ಇಂಜಿನ್ ಬಿಸಿಯಾದಂತೆ ಮೆಲ್ಲಗೆ ಒಳಗೆ ತಳ್ಳಬೇಕು. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲಿದೆ, ನಾಲ್ಕೇ ಗೇರು. ಪವರ್ ಸ್ಟೇರಿಂಗ್ ಇಲ್ಲ, ನಿಂತಲ್ಲೇ ತಿರುಗಿಸಿದರೆ ತೋಳು ನೋಯುತ್ತದೆ. ನಾಮದ ಚಿಲುಮೆ ದಾಟಿ ಏರು ಶುರುವಾದಾಗ ಎರಡನೇ ಗೇರಿಗೆ ಇಳಿಸಿದೆ. ಇನ್ನೆಷ್ಟು ದಮ್ಮಿದೆ ಅನ್ನುವುದು ಸದ್ದಿನಲ್ಲೇ ಗೊತ್ತಾಗುತ್ತದೆ. ಬಾಗಿಲ ಮೂಲೆಯ ತ್ರಿಕೋನದ ಗಾಜು ತಿರುಗಿಸಿದರೆ ಕಾಡಿನ ಗಾಳಿ ನೇರ ಮುಖಕ್ಕೆ. ಆ ಸುಖ ಯಾವ ಎಸಿಯಲ್ಲೂ ಸಿಕ್ಕಿಲ್ಲ ನನಗೆ.

ಸ್ವಿಫ್ಟ್‌ಗೆ ಅದೇ ಏರು ಲೆಕ್ಕಕ್ಕೇ ಇಲ್ಲ. ಇಂಜಿನ್ ಗಾತ್ರದಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ: ಫಿಯಟ್ 1089 ಸಿಸಿ, ಇದು 1197. ಅದಕ್ಕೆ ನಾಲ್ಕು ಸಿಲಿಂಡರ್, ಇದಕ್ಕೆ ಮೂರೇ. ಆದರೂ ಇದರ ಶಕ್ತಿ ಹೆಚ್ಚುಕಮ್ಮಿ ಎರಡರಷ್ಟು. ಫಿಯಟ್‌ನಲ್ಲಿರುವಂತೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬುರೇಟರ್ ಇದಕ್ಕಿಲ್ಲ, ಎಷ್ಟು ಪೆಟ್ರೋಲ್ ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಲೀಟರಿಗೆ ನನಗೆ ಫಿಯಟ್ 12 ಕಿ.ಮೀ. ಕೊಟ್ಟಿತು, ಸ್ವಿಫ್ಟ್ 19.

ನಿಜವಾದ ಅಂತರ ಕಂಡಿದ್ದು ಇಳಿಯುವಾಗ. ಫಿಯಟ್‌ನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಕಮ್ಮಿಯಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಅಪ್ಪ ಇದೇ ರಸ್ತೆಯಲ್ಲಿ ಹೇಳಿಕೊಟ್ಟಿದ್ದರು. ಸ್ವಿಫ್ಟ್‌ಗೆ ಮುಂದೆ ಡಿಸ್ಕ್, ಜೊತೆಗೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, 6 ಏರ್‌ಬ್ಯಾಗ್. ಏರಿನಲ್ಲಿ ನಿಲ್ಲಿಸಿ ಹೊರಟರೆ ಹಿಂದಕ್ಕೆ ಜಾರದಂತೆ ಅದೇ ಹಿಡಿದುಕೊಳ್ಳುತ್ತದೆ. ಮಗಳು ಈಗಷ್ಟೇ ಕಾರು ಕಲಿತಿದ್ದಾಳೆ. ಅವಳ ಕೈಗೆ ನಾನು ಕೊಡುವುದು ಸ್ವಿಫ್ಟ್ ಕೀ ಮಾತ್ರ. ಇದರಲ್ಲಿ ಎರಡನೇ ಯೋಚನೆ ಇಲ್ಲ.

ಅಮ್ಮನ ಓಟು ಫಿಯಟ್‌ಗೆ. ಮುಂದಿನ ಉದ್ದ ಸೀಟಿನಲ್ಲಿ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಆರಾಮಾಗಿ ಕೂತಿದ್ದರು. "ಅವರು ಓಡಿಸ್ತಿದ್ದಾಗ ನಾನು ಇಲ್ಲೇ ಅಲ್ವಾ ಕೂರ್ತಿದ್ದಿದ್ದು" ಅಂದರು.

ದಿನದ ಓಡಾಟಕ್ಕಾದರೆ ಹೊಸ ಕಾರೇ ಕೊಳ್ಳಿ. ಹಳೇ ಪದ್ಮಿನಿ ಮೇಲೆ ಮನಸ್ಸಿದ್ದರೆ ಮೊದಲು ಮ್ಯಾಟ್ ಎತ್ತಿ ಕೆಳಗಿನ ತಗಡು ತುಕ್ಕು ಹಿಡಿದಿದೆಯಾ ನೋಡಿ. ತಯಾರಿಕೆ ನಿಂತು 20 ವರ್ಷ ದಾಟಿದೆ, ಬಿಡಿಭಾಗ ಹುಡುಕಬೇಕು. ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾರಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ವಿಚಾರಿಸಿ.