ದತ್ತಕದ ಖರ್ಚಿಗೆ ರೊಕ್ಕ: ಸೊಸಾಯಿಟಿ, ಬಂಗಾರ, ಭಿಶಿ ಮತ್ತು ಅಮೆರಿಕದ ತೆರಿಗೆ

ನನ್ನ ತಮ್ಮ ಮತ್ತು ಅವನ ಹೆಂಡತಿ ಅಮೆರಿಕದ ಪ್ರಜೆಗಳು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡಿನವರು. 2025ರಲ್ಲಿ ಭಾರತದಿಂದ ಮಗುವನ್ನು ದತ್ತು ತೆಗೆದುಕೊಂಡು ಹೋದರು. ಮಕ್ಕಳಾಗಲೆಂದು ವರ್ಷಗಟ್ಟಲೆ ಆಸ್ಪತ್ರೆಗೆ ಸುರಿದು ಅವರ ಕೈ ಖಾಲಿಯಾಗಿತ್ತು. ಹಾಗಾಗಿ ಡಾಲರಿನ ಖರ್ಚು ಅವರದು, ರೂಪಾಯಿ ಖರ್ಚು ಬೆಳಗಾವಿಯ ನಮ್ಮದು ಅಂತ ಮೊದಲೇ ಮಾತಾಯಿತು. ಎರಡೂ ಕಡೆ ಯಾವ ಯಾವ ದಾರಿ ತುಳಿದೆವು, ಯಾವುದು ಹೊತ್ತಿಗೆ ಒದಗಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಖರ್ಚು ಬೀಳುವ ರೀತಿ ಮೊದಲು ಗೊತ್ತಿರಬೇಕು. ಅಲ್ಲಿಯ ಏಜೆನ್ಸಿಯ ಶುಲ್ಕ, ಮನೆಗೆ ಬಂದು ವಿಚಾರಿಸಿ ಬರೆಯುವ ಗೃಹ ಅಧ್ಯಯನ ವರದಿ, ದತ್ತು ಪಡೆಯಲು ಯೋಗ್ಯರು ಅನ್ನಿಸಿಕೊಳ್ಳಲು ಅಮೆರಿಕದ ವಲಸೆ ಇಲಾಖೆಗೆ ಹಾಕುವ ಐ-800ಎ ಅರ್ಜಿಯ 920 ಡಾಲರ್ ಇವೆಲ್ಲ ಆರಂಭದಲ್ಲೇ ಹೋಗುತ್ತವೆ. ಆಮೇಲೆ ಕಾಯುವುದು. ಎಷ್ಟು ದಿನ ಅಂತ ಯಾರೂ ಬಾಯಿಬಿಡುವುದಿಲ್ಲ. ಮಗುವಿನ ವರದಿ ಕೈಗೆ ಬಂತೋ, ಒಪ್ಪಿಗೆ ಹೇಳಲು ಸಿಗುವುದು ಸಣ್ಣ ಗಡುವು. ಅಲ್ಲಿಂದ ಎಲ್ಲವೂ ಓಟ. ಕಾರಾ (ದತ್ತಕ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ನಿಗದಿಪಡಿಸಿದ 5,000 ಡಾಲರ್, ಜಿಲ್ಲಾಧಿಕಾರಿಯ ಆದೇಶ (2022ರ ಸೆಪ್ಟೆಂಬರ್‌ನಿಂದ ಇದು ಕೋರ್ಟಿನಿಂದ ಡಿಸಿ ಕಚೇರಿಗೆ ಬಂದಿದೆ), ಮಗುವಿನ ಪಾಸ್‌ಪೋರ್ಟು, ಆಮೇಲೆ ದಿಲ್ಲಿ. ಅಮೆರಿಕದ ದತ್ತಕ ವೀಸಾ ಆಗುವುದು ದಿಲ್ಲಿಯ ರಾಯಭಾರ ಕಚೇರಿಯಲ್ಲೇ. ಅಲ್ಲಿ ಮೂವರ ವಾಸ, ಊಟ, ಟ್ಯಾಕ್ಸಿ, ಹೊತ್ತಲ್ಲದ ಹೊತ್ತಿನಲ್ಲಿ ಕೊಳ್ಳುವ ವಿಮಾನದ ಟಿಕೆಟ್ಟು. ಎರಡೂ ಕಡೆಯದು ಸೇರಿ 30,000 ಡಾಲರ್ ದಾಟಿತು.

ಹೀಗಾಗಿ ಬಡ್ಡಿ ಎಷ್ಟು ಅನ್ನುವುದಕ್ಕಿಂತ ನಾನು ನೋಡಿದ್ದು ಎರಡು ಸಂಗತಿ. ಕಾಯುವ ತಿಂಗಳುಗಳಲ್ಲಿ ಆ ಸಾಲ ನಮ್ಮನ್ನು ತಿನ್ನುತ್ತದೆಯೋ ಇಲ್ಲವೋ? ಮಗು ಸಿಕ್ಕಿತು ಅಂತ ತಮ್ಮನ ಫೋನು ಬಂದ ವಾರದಲ್ಲೇ ರೊಕ್ಕ ಕೈಗೆ ಬರುತ್ತದೆಯೋ ಇಲ್ಲವೋ?

ಸೊಸಾಯಿಟಿ ಸಾಲ ನಮ್ಮ ಮನೆಯವರ ಆಯ್ಕೆ. ಪತ್ತಿನ ಸಹಕಾರಿಯ ಮ್ಯಾನೇಜರ್ ಪರಿಚಯದವರು, ಇಬ್ಬರು ಜಾಮೀನುದಾರರು ಸಿಕ್ಕರು, ಶೇರಿನ ರೊಕ್ಕ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಿದರು. ಆದರೆ ಕಂತು ಮುಂದಿನ ತಿಂಗಳಿನಿಂದಲೇ ಶುರು. ಮಗುವಿನ ಸುದ್ದಿಯೇ ಇಲ್ಲ, ಇಲ್ಲಿ ಕಂತು ಹೋಗುತ್ತಲೇ ಇದೆ. ಸಾಲದ ರೊಕ್ಕ ಉಳಿತಾಯ ಖಾತೆಯಲ್ಲಿ ಚಿಲ್ಲರೆ ಬಡ್ಡಿಗೆ ಕೂತಿದ್ದರೆ ಸೊಸಾಯಿಟಿಗೆ ನಾವು ಕಟ್ಟುವ ಬಡ್ಡಿ ಅದರ ಎಷ್ಟೋ ಪಟ್ಟು. ಮೇಲಾಗಿ ಜಾಮೀನು ನಿಂತವರು ಸಿಕ್ಕಾಗೆಲ್ಲ 'ಕೂಸು ಬಂತೇನ್ರಿ?' ಅಂತ ಕೇಳುವುದು. ಕೇಳುವುದು ಕೂಸನ್ನು, ಆದರೆ ಮನಸ್ಸಿನಲ್ಲಿರುವುದು ಕಂತು.

ಬಂಗಾರದ ಸಾಲಕ್ಕೆ ಅವ್ವನ ಪಾಟ್ಲಿ, ನನ್ನ ಬೋರಮಾಳ ತೆಗೆದುಕೊಂಡು ಬ್ಯಾಂಕಿಗೆ ಹೋದೆವು. ಅಲ್ಲಿಯ ಪತ್ತಾರರು ಪಾಟ್ಲಿಯನ್ನು ಒರೆಗಲ್ಲಿಗೆ ಉಜ್ಜಿ, ಆಸಿಡ್ಡಿನ ಹನಿ ಬಿಟ್ಟು, ಸರಿ ಅಂತ ತಲೆಯಾಡಿಸಿದರು. ಬೋರಮಾಳ ಕೈಗೆತ್ತಿಕೊಂಡವರೇ 'ಇದರಾಗ ಅರಗು ಐತ್ರಿ, ತೂಕಾ ಕಳೀಬೇಕು' ಅಂದರು. ಕಳೆದ ಮೇಲೆ ಉಳಿದ ತೂಕ ನೋಡಿ ಅವ್ವನ ಮುಖ ಸಣ್ಣದಾಯಿತು. ಮಾಡಿಸಿದಾಗ ಶಹಾಪುರದ ಅಂಗಡಿಯಲ್ಲಿ ಅರಗಿಗೂ ಬಂಗಾರದ ದರವನ್ನೇ ಕೊಟ್ಟಿದ್ದೆವೋ ಏನೋ ಅಂತ ಅವಳಿಗೆ ಆಗ ಅನುಮಾನ. ಹೋಗುವವರು ಮಣಿಯ ಸರ, ಹರಳಿನ ಒಡವೆ ಬಿಟ್ಟು ಗಟ್ಟಿ ಬಂಗಾರ ಒಯ್ಯಿರಿ. ನಾವು ಇಟ್ಟಾಗ ಮೌಲ್ಯದ ನೂರಕ್ಕೆ 75ರವರೆಗೆ ಸಾಲ. 2026ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮದಂತೆ ಎರಡೂವರೆ ಲಕ್ಷದೊಳಗಿನ ಸಾಲಕ್ಕೆ 85, ಐದು ಲಕ್ಷದವರೆಗೆ 80, ಅದರ ಮೇಲೆ 75.

ಇದರಲ್ಲಿ ನನಗೆ ಹಿಡಿಸಿದ್ದು ಒಂದೇ. ಬಂಗಾರ ಕಪಾಟಿನಲ್ಲಿದ್ದಷ್ಟು ದಿನ ಯಾರಿಗೂ ಬಡ್ಡಿಯಿಲ್ಲ. ತಮ್ಮನ ಫೋನು ಬಂದ ಮೇಲೆ ಒಯ್ದೆವು, ಅದೇ ದಿನ ರೊಕ್ಕ ಬಂತು. ತಿಂಗಳ ಕಂತಿಲ್ಲ, ವರ್ಷದೊಳಗೆ ಅಸಲು ಬಡ್ಡಿ ಸೇರಿಸಿ ಕಟ್ಟಿ ಬಿಡಿಸಿಕೊಳ್ಳುವ ಪದ್ಧತಿ. ಖಾಸಗಿ ಫೈನಾನ್ಸಿನವರು ಇನ್ನೂ ಬೇಗ ಕೊಡುತ್ತೇವೆ ಅಂದರು, ಬಡ್ಡಿ ಕೇಳಿ ಎದ್ದು ಬಂದೆವು.

ಭಿಶಿ ಅಂದರೆ ತಿಂಗಳಿಗೊಮ್ಮೆ ಎಲ್ಲರೂ ರೊಕ್ಕ ಹಾಕಿ ಒಬ್ಬರಿಗೆ ಕೊಡುವುದು; ಅದರ ಬಗ್ಗೆ ಓದಿದವರು ಮೂಗು ಮುರಿಯುತ್ತಾರೆ. ನಮ್ಮದು ಓಣಿಯ ಹೆಂಗಸರದು, ಚೀಟಿ ಎತ್ತುವುದು, ಲಿಲಾವಿಲ್ಲ, ಬಡ್ಡಿಯಿಲ್ಲ. ತೊಂದರೆಯೆಂದರೆ ಯಾವ ತಿಂಗಳು ಯಾರ ಚೀಟಿ ಬರುತ್ತದೋ ದೇವರಿಗೇ ಗೊತ್ತು. ಆ ತಿಂಗಳು ಬಂದದ್ದು ಎದುರುಮನೆಯವರದು. ಅವರೇ ಕೂಗಿ ಹೇಳಿದರು: 'ಅಕ್ಕಾರ, ತಮ್ಮನ ಮನಿಗೆ ಕೂಸು ಬರಾಕತ್ತೈತಿ, ಈ ಸರ್ತಿದು ನೀವ ತಗೋರಿ. ನನ್ನ ಮಗಳ ಮದುವಿ ದೀಪಾವಳಿ ಆದಮ್ಯಾಲೆ ಐತಿ, ನಿಮ್ಮ ಚೀಟಿ ನನಗ ಬಿಡ್ರಿ.' ದಿಲ್ಲಿಯ ವಾಸದ ಖರ್ಚು ಅದರಲ್ಲೇ ಮುಗಿಯಿತು. ಮೊತ್ತ ಸಣ್ಣದು, ಕಾಗದವಿಲ್ಲ, ಗುರುತಿನವರ ಗುಂಪಿನ ಹೊರಗೆ ಇದನ್ನು ನಂಬಬಾರದು. ನಮಗಂತೂ ಎಲ್ಲಕ್ಕಿಂತ ಅಗ್ಗದ ರೊಕ್ಕ ಇದೇ.

ಎಲ್‌ಐಸಿ ಪಾಲಿಸಿ ಮೇಲಿನ ಸಾಲವನ್ನೂ ಕೇಳಿದ್ದೆವು. ಸರೆಂಡರ್ ಮೌಲ್ಯದ (ಪಾಲಿಸಿ ನಡುವೆ ಮುರಿದರೆ ಸಿಗುವ ಮೊತ್ತದ) ನೂರಕ್ಕೆ 90ರವರೆಗೆ ಸಿಗುತ್ತದೆ, ಬಡ್ಡಿ ಆರು ತಿಂಗಳಿಗೊಮ್ಮೆ. ನಮ್ಮ ಪಾಲಿಸಿ ಎಳೆಯದು, ಸಿಗುವುದು ಟಿಕೆಟ್ಟಿಗೂ ಸಾಲದು. ಹಳೆಯ ಪಾಲಿಸಿ ಇದ್ದವರು ಬಂಗಾರಕ್ಕಿಂತ ಮೊದಲು ಇದನ್ನೇ ನೋಡಬಹುದು.

ಇನ್ನು ಅಲ್ಲಿಯ ದಾರಿಗಳು. ಅಮೆರಿಕದ ದತ್ತಕ ತೆರಿಗೆ ರಿಯಾಯಿತಿ ಕೇಳಲು ಭಾರಿ: 2025ಕ್ಕೆ ಮಗುವೊಂದಕ್ಕೆ ಗರಿಷ್ಠ 17,280 ಡಾಲರ್. ಅದರಲ್ಲಿ 5,000ದವರೆಗೆ, ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೂ ಕೈಗೇ ಬರುವಂತೆ ಆ ವರ್ಷದಿಂದ ಮಾಡಿದ್ದಾರೆ. ಉಳಿದದ್ದು ತೆರಿಗೆಗೆ ವಜಾ, ಮಿಕ್ಕರೆ ಮುಂದಿನ ಐದು ವರ್ಷಕ್ಕೆ ಒಯ್ಯಬಹುದು. ಆದರೆ ಹೊರದೇಶದ ಮಗುವಾದರೆ ದತ್ತಕ ಅಂತಿಮವಾದ ವರ್ಷದಲ್ಲೇ ಇದನ್ನು ಕೇಳಬೇಕು. ನಡುವೆ ಮುರಿದುಬಿದ್ದರೆ ಒಂದು ಡಾಲರೂ ಇಲ್ಲ. ಅಲ್ಲಿಯ ದೇಶದೊಳಗಿನ ದತ್ತಕ ಮುರಿದುಬಿದ್ದರೂ ಕೇಳಬಹುದು, ಇದಕ್ಕೆ ಆ ಸೌಲಭ್ಯವಿಲ್ಲ. ತಮ್ಮನ ಕಂಪನಿಯ ಸಹಾಯವೂ ಎಲ್ಲ ಮುಗಿದು ರಸೀದಿ ಕೊಟ್ಟ ಮೇಲೆಯೇ ಬಂತು, ಅದೇ ಖರ್ಚನ್ನು ತೆರಿಗೆಯಲ್ಲಿ ಇನ್ನೊಮ್ಮೆ ತೋರಿಸುವಂತಿಲ್ಲ. ಅಂದರೆ ಎರಡೂ ಸಾಲ ತೀರಿಸಲು ಬರುವ ರೊಕ್ಕ. ಖರ್ಚಿಗೆ ನಿಂತದ್ದು ಮನೆಯ ಮೇಲೆ ಅವನು ಮಾಡಿಸಿಕೊಂಡಿದ್ದ ಸಾಲದ ಮಿತಿ: ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಗುಣದಲ್ಲಿ ನಮ್ಮ ಬಂಗಾರದ ಸಾಲದ ಅಣ್ಣ ಅನ್ನಿ.

ಆನ್‌ಲೈನಿನಲ್ಲಿ ಮಂದಿಯ ಹತ್ತಿರ ರೊಕ್ಕ ಎತ್ತು ಅಂತ ಅವನ ಗೆಳೆಯರು ಹೇಳಿದರು. ಮಗುವಿನ ಫೋಟೋ ಇಲ್ಲದೆ ಯಾರು ಕೊಡುತ್ತಾರೆ? ಫೋಟೋ ಹಾಕಿದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಇದೆ, ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಊರು, ವಯಸ್ಸು ನಾನೂ ಇಲ್ಲಿ ಬರೆಯದ್ದು ಅದಕ್ಕೇ. 'ಇಷ್ಟ್ಯಾಕ ಒದ್ದಾಡ್ತೀರಿ, ಎರಡ ಲಕ್ಷ ಕೊಟ್ಟರ ಕೂಸ ಸಿಗತಾವ' ಅಂದ ಪುಣ್ಯಾತ್ಮನೂ ಒಬ್ಬ ಬಂದಿದ್ದ. ಮಗುವನ್ನು ಮಾರುವ, ಕೊಳ್ಳುವವರಿಗೆ ಅದೇ ಕಾಯ್ದೆಯ 81ನೇ ಕಲಮಿನಲ್ಲಿರುವ ಐದು ವರ್ಷದವರೆಗಿನ ಕಠಿಣ ಶಿಕ್ಷೆಯ ಸುದ್ದಿ ತೆಗೆದೊಡನೆ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮಗು ಮನೆ ಸೇರಿದ ಮೇಲೂ ಖರ್ಚು ನಿಲ್ಲುವುದಿಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅನ್ನುವ ಅನುಪಾಲನಾ ವರದಿ ಕಾರಾಕ್ಕೆ ಹೋಗಬೇಕು, ಪ್ರತಿ ವರದಿಗೂ ಏಜೆನ್ಸಿಗೆ ಶುಲ್ಕ. ಯಾವ ಹಂತಕ್ಕೆ ಎಷ್ಟು ಅಂತ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ನಮ್ಮ ಮನೆಯವರಿಗೆ ನನ್ನ ಲೆಕ್ಕ ಒಪ್ಪಿಗೆಯಿಲ್ಲ. ಬಂಗಾರದ ದರ ಬಿದ್ದಿದ್ದರೆ ಏನು ಮಾಡುತ್ತಿದ್ದೆ, ಸೊಸಾಯಿಟಿಯಲ್ಲಿ ಆ ಭಯವಿಲ್ಲ ಅನ್ನುತ್ತಾರೆ. ಮಾತು ಸುಳ್ಳಲ್ಲ, ದಿನಾಂಕ ಗೊತ್ತಿರುವ ಮದುವೆಗಾದರೆ ನಾನೂ ಸೊಸಾಯಿಟಿಗೇ ಹೋಗುತ್ತೇನೆ. ತಮ್ಮನಿಗೆ ತೆರಿಗೆ ರಿಯಾಯಿತಿಯ ರೊಕ್ಕ ಬಂದ ಮೇಲೆ ಪಾಟ್ಲಿ ಬಿಡಿಸುವುದು ಅಂತಾಗಿದೆ. ಬೋರಮಾಳದ ಅರಗು ತೆಗೆಸಿ ಗಟ್ಟಿ ಬಳೆ ಮಾಡಿಸು ಅಂತ ಅವ್ವ ಈಗಲೇ ಹಟ ಹಿಡಿದಿದ್ದಾಳೆ.