ಕೌನ್ಸೆಲಿಂಗ್ ಆ್ಯಪ್, ಮೂರು ತಿಂಗಳು: ಐದಕ್ಕೆ ಮೂರೂವರೆ ಸ್ಟಾರ್

ನಾಲ್ಕೂವರೆ ಕೊಡಬೇಕು ಅಂತಲೇ ಇದ್ದೆ. ಒಂದು ಸ್ಟಾರ್ ಹೋಗಿದ್ದು ಒಂದೇ ಒಂದು ನೋಟಿಫಿಕೇಶನ್‌ನಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಾನು ಯಾಕೆ ಹೋದೆ ಅಂತ. ನಮ್ಮ ಮನೆಯಲ್ಲಿ ಎಲ್ಲರೂ ದೈವಭಕ್ತರು. ನನಗೆ ದೇವರಿದ್ದಾನೆ ಅನ್ನಿಸುವುದು ನಿಂತು ಹನ್ನೊಂದು ವರ್ಷ ಆಯ್ತು. ಯಾರ ಹತ್ತಿರವೂ ವಾದಕ್ಕೆ ಹೋದವಳಲ್ಲ. ನೆಂಟರೆಲ್ಲ ಸೇರಿ ಕಷ್ಟಕಾಲಕ್ಕೆ ಇರಲಿ ಅಂತ ತಿಂಗಳಿಗಿಷ್ಟು ದುಡ್ಡು ಕೂಡಿಡುತ್ತೇವೆ. ಆರು ವರ್ಷದಿಂದ ಅದರ ಲೆಕ್ಕ ಬರೆಯುತ್ತಿದ್ದವಳು ನಾನು. ಒಂದು ದಿನ ಮಾತಿಗೆ ಮಾತು ಬಂದು ಚಿಕ್ಕಮ್ಮನ ಮುಂದೆ "ನಾನು ಇದನ್ನೆಲ್ಲ ನಂಬಲ್ಲ" ಅಂದುಬಿಟ್ಟೆ. ಚಿಕ್ಕಮ್ಮ ಕೂಗಾಡಲಿಲ್ಲ. ಮುಂದಿನ ತಿಂಗಳು ಬಂದು, ನಗುತ್ತಲೇ, "ಲೆಕ್ಕದ ಪುಸ್ತಕ ಇನ್ನು ಅಣ್ಣನ ಹತ್ತಿರ ಇರಲಿ ಕಣಮ್ಮ, ನಿನಗೂ ಕೆಲಸ ಜಾಸ್ತಿ ಅಲ್ವಾ" ಅಂದರು. ಆರು ವರ್ಷದಲ್ಲಿ ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ. ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ಅಮ್ಮನಿಗೆ ಮಾತ್ರ ಹೇಳಬೇಡಿ ಅಂತ ಕೇಳಿಕೊಂಡೆ. ಅವರು ಹೇಳಲಿಲ್ಲ. ಗುಟ್ಟು ಕಾಪಾಡುವುದರಲ್ಲಿ ನಮ್ಮ ಚಿಕ್ಕಮ್ಮನನ್ನು ಕಣ್ಣು ಮುಚ್ಚಿ ನಂಬಬಹುದು.

ಅದಾದ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ಈ ಆ್ಯಪ್.

ಶುರುವಿನಲ್ಲೇ ಎಡವಟ್ಟು. ಸೇರಿಕೊಳ್ಳುವ ಫಾರ್ಮ್‌ನಲ್ಲಿ 'ಧರ್ಮ' ಅಂತ ಒಂದು ಕಾಲಂ ಇದೆ. ಕೆಂಪು ಚುಕ್ಕಿ ಹಾಕಿದ್ದಾರೆ, ಅಂದರೆ ಬಿಡುವ ಹಾಗಿಲ್ಲ. ಪಟ್ಟಿಯಲ್ಲಿ 'ಇಲ್ಲ' ಅನ್ನುವುದೇ ಇಲ್ಲ. 'ಇತರೆ' ಒತ್ತಿದೆ. "ನಿಮ್ಮ ಆರಾಧನಾ ಕ್ರಮವನ್ನು ತಿಳಿಸಿ" ಅಂತ ಇನ್ನೊಂದು ಡಬ್ಬಿ ತೆರೆಯಿತು. ಅದರಲ್ಲಿ ಒಂದು ಫುಲ್‌ಸ್ಟಾಪ್ ಇಟ್ಟೆ. ಆ್ಯಪ್ ಒಪ್ಪಿಕೊಂಡಿತು. ಅವರ ದಾಖಲೆಯಲ್ಲಿ ಈಗಲೂ ನನ್ನ ಆರಾಧನಾ ಕ್ರಮ ಒಂದು ಚುಕ್ಕಿ.

ಮೊದಲ ಕೌನ್ಸೆಲರ್ ಕಾಲು ಗಂಟೆ ಕೇಳಿಸಿಕೊಂಡರು. ಆಮೇಲೆ, "ಸ್ವಲ್ಪ ದಿನ ಪ್ರಾರ್ಥನೆ ಮಾಡಿ ನೋಡಿ, ಮನಸ್ಸು ಹಗುರ ಆಗುತ್ತೆ" ಅಂದರು. ನಾನು ಬಂದಿದ್ದೇ ಅದು ಆಗುತ್ತಿಲ್ಲ ಅಂತ! ಇದು ನನ್ನೊಬ್ಬಳ ಗೋಳಲ್ಲ ಅಂತ ಆಮೇಲೆ ಗೊತ್ತಾಯಿತು. ಚಿಕಿತ್ಸೆಯೊಳಗೆ ಧರ್ಮ ತರದ ಥೆರಪಿಸ್ಟ್‌ಗಳನ್ನು ಹುಡುಕಿಕೊಡುವುದಕ್ಕೆ ಅಂತಲೇ ಅಮೆರಿಕದಲ್ಲಿ ಡ್ಯಾರೆಲ್ ರೇ ಅನ್ನುವ ಮನಶ್ಶಾಸ್ತ್ರಜ್ಞರು 2012ರಲ್ಲಿ ಸೆಕ್ಯುಲರ್ ಥೆರಪಿ ಪ್ರಾಜೆಕ್ಟ್ ಶುರು ಮಾಡಿದ್ದಾರೆ. ನಾನು ಬಳಸಿದ ಆ್ಯಪ್‌ಗೆ ಅಷ್ಟೆಲ್ಲ ಯೋಚನೆ ಇಲ್ಲ. ಆದರೆ ಕೌನ್ಸೆಲರ್ ಬದಲಿಸುವುದು ಸುಲಭ. ಎರಡು ಸಲ ಒತ್ತಿದರೆ ಆಯ್ತು, ಕಾರಣವನ್ನೂ ಕೇಳುವುದಿಲ್ಲ.

ಎರಡನೆಯವರು ಬಂದ ಕೂಡಲೇ ವಿಡಿಯೊ ನಿಂತುಹೋಯಿತು. ನಾನು "ಅಯ್ಯೋ ದೇವರೇ" ಅಂದೆ. ಧ್ವನಿ ಮಾತ್ರ ಹೋಗುತ್ತಿತ್ತಂತೆ. ಚಿತ್ರ ವಾಪಸ್ ಬಂದಾಗ ಅವರು ನಗುತ್ತಿದ್ದರು. ಮೊದಲೇ ಒಂದು ಮಾತು ಹೇಳಿದರು: "ನಾನು ದೇವರನ್ನು ನಂಬುವವಳು. ನಿಮಗೆ ಅದು ಕಿರಿಕಿರಿ ಅನ್ನಿಸಿದರೆ ಈಗಲೇ ಹೇಳಿಬಿಡಿ, ಬೇಜಾರಿಲ್ಲ." ನನ್ನ ಬೆರಳು ಬದಲಿಸುವ ಬಟನ್ ಮೇಲೇ ಇತ್ತು. ಒತ್ತಲಿಲ್ಲ. ಒಳ್ಳೆಯದಾಯಿತು.

ಎರಡನೇ ವಾರ ಒಂದು ಹಾಳೆ ತರಿಸಿದರು. ನನ್ನ ವಿಷಯ ಯಾರಿಗೆ ಗೊತ್ತು, ಯಾರಿಗೆ ಅನುಮಾನ ಇದೆ, ಯಾರಿಗೆ ಗೊತ್ತೇ ಇಲ್ಲ, ಮೂರು ಸಾಲು. ಪ್ರತಿ ಹೆಸರಿನ ಮುಂದೆ, ಇವರಿಗೆ ಹೇಳಿದರೆ ನಾನು ಏನು ಕಳೆದುಕೊಳ್ಳುತ್ತೇನೆ ಅಂತ ಬರೆಯಬೇಕು. ಹತ್ತೊಂಬತ್ತು ಹೆಸರು ಬರೆದೆ. 'ಪ್ರೀತಿ' ಅಂತ ಬರೆದಿದ್ದು ಇಬ್ಬರ ಮುಂದೆ ಮಾತ್ರ. ಉಳಿದವರಲ್ಲಿ ಜಾಸ್ತಿ ಜನರ ಮುಂದೆ ನಾನು ಬರೆದ ಪದ 'ನಂಬಿಕೆ'. ಕೌನ್ಸೆಲರ್ ಆ ಪದಕ್ಕೆಲ್ಲ ಒಂದು ಸುತ್ತು ಹಾಕಿಸಿದರು. ದೇವರನ್ನು ನಂಬುವುದಕ್ಕೂ ಮನುಷ್ಯರನ್ನು ನಂಬುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದ ನೋಡಿ. ನಂಬದವಳನ್ನು ನಂಬುವುದು ಹೇಗೆ? ಚಿಕ್ಕಮ್ಮನ ಕಷ್ಟ ಅದೇ. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮೇಲಿಂದ ನೋಡುವವನು ಇಲ್ಲ ಅಂದುಕೊಂಡವಳು ದುಡ್ಡು ಎಣಿಸುವಾಗ ಯಾರಿಗೆ ಹೆದರುತ್ತಾಳೆ ಅನ್ನುವ ದಿಗಿಲು.

ಇದು ತುಂಬ ಹಳೆಯ ದಿಗಿಲು. 1689ರಲ್ಲೇ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್, ಅದೂ ಧಾರ್ಮಿಕ ಸಹನೆ ಬೇಕು ಅಂತ ವಾದ ಮಾಡುವಾಗಲೇ, ನಾಸ್ತಿಕರನ್ನು ಹೊರಗಿಟ್ಟ. ಮಾತು, ಕರಾರು, ಆಣೆ ಯಾವುದೂ ಅವರನ್ನು ಕಟ್ಟಿಹಾಕುವುದಿಲ್ಲ ಅನ್ನುವುದು ಅವನ ಕಾರಣ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಸಂಸತ್ತಿಗೆ ಗೆದ್ದ. ನಾಸ್ತಿಕ ಅಂತ ಪ್ರಮಾಣವಚನದ ಜಗಳ ಎದ್ದು, ಜನ ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದರೂ ಸರಿಯಾಗಿ ಕೂತುಕೊಳ್ಳಲು ಆಗಿದ್ದು 1886ರಲ್ಲಿ. ದೇವರ ಹೆಸರಿಲ್ಲದೆ ಪ್ರಮಾಣ ಮಾಡಬಹುದು ಅಂತ ಕಾನೂನು ಬಂದಿದ್ದು 1888ಕ್ಕೆ. ನನ್ನದು ಬರೀ ಲೆಕ್ಕದ ಪುಸ್ತಕ, ಬಿಡಿ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆಯೂ ಕೌನ್ಸೆಲರ್ ಹೇಳಿದರು. 13 ದೇಶ, 3,000ಕ್ಕೂ ಹೆಚ್ಚು ಜನ. ಒಬ್ಬ ಸರಣಿ ಕೊಲೆಗಾರನ ಕಥೆ ಹೇಳಿ, ಅವನು ಎಂಥವನಿರಬಹುದು ಅಂತ ಊಹಿಸಲು ಬಿಟ್ಟರು. ಜನ ಅವನನ್ನು ಆಸ್ತಿಕ ಅಂದುಕೊಂಡಿದ್ದಕ್ಕಿಂತ ಸುಮಾರು ಎರಡು ಪಟ್ಟು ಸಲೀಸಾಗಿ ನಾಸ್ತಿಕ ಅಂದುಕೊಂಡರು. ನಾಸ್ತಿಕರೂ ಹಾಗೇ ಊಹಿಸಿದರು! ಅದನ್ನು ಕೇಳಿ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ನಾನೂ ಅದೇ ಆಟದಲ್ಲಿ ಇದ್ದೇನೆ ಅನ್ನಿಸಿತು. ಒಂದೊಂದು ಪೈಸೆಯನ್ನೂ ಮೂರು ಸಲ ಕೂಡಿಸಿ ನೋಡುತ್ತಿದ್ದೆನಲ್ಲ, ಅದು ಯಾರಿಗೆ ಏನು ತೋರಿಸುವುದಕ್ಕೆ?

ಇದನ್ನು ಕೇಳಿ ಅವರು ಸಮಾಧಾನ ಹೇಳಲಿಲ್ಲ, ಶಭಾಷ್ ಅಂತಲೂ ಅನ್ನಲಿಲ್ಲ. "ಹ್ಞೂಂ, ಮುಂದೆ?" ಅಂದರು. ನಾಲ್ಕೂವರೆ ಸ್ಟಾರ್ ಕೊಡಬೇಕು ಅನ್ನಿಸಿದ್ದು ಆ ಹ್ಞೂಂಗೆ.

ಶನಿವಾರದ ಗ್ರೂಪ್ ಸೆಶನ್ ಬಗ್ಗೆ ಎರಡೇ ಮಾತು. 'ನಂಬಿಕೆ ಬಿಟ್ಟವರ ಗುಂಪು' ಅಂತ ಹೆಸರು. ಅರ್ಧ ಹೊತ್ತು ಭಕ್ತರನ್ನು ಆಡಿಕೊಂಡು ನಗುವುದರಲ್ಲೇ ಹೋಗುತ್ತದೆ. ದಿನಾ ನನಗೋಸ್ಕರ ಪ್ರಾರ್ಥನೆ ಮಾಡುವ ಅಮ್ಮ ನನಗಿದ್ದಾರೆ, ನನಗೆ ಆ ನಗು ಸೇರಲಿಲ್ಲ. ಕೆಲವರಿಗೆ ಬಾಯಿ ಬಿಟ್ಟು ಮಾತಾಡಲು ಅದೊಂದೇ ಜಾಗ, ಅದೂ ನಿಜ.

ಈಗ ನೋಟಿಫಿಕೇಶನ್. ಅಮ್ಮನ ಮನೆಯಲ್ಲಿ ಫೋನ್ ಟೇಬಲ್ ಮೇಲಿಟ್ಟು ಒಳಗೆ ಹೋಗಿದ್ದೆ. ಟಿಂಗ್ ಅಂತು. ಲಾಕ್ ಆಗಿದ್ದ ಸ್ಕ್ರೀನ್ ಮೇಲೆ ದಪ್ಪ ಅಕ್ಷರದಲ್ಲಿ: "ನಂಬಿಕೆ ಬಿಟ್ಟವರ ಗುಂಪು ಇನ್ನು 10 ನಿಮಿಷದಲ್ಲಿ." ಅಮ್ಮ ಕನ್ನಡಕ ಹಾಕಿಕೊಂಡೇ ಕೂತಿದ್ದರು.

ಇಂಥ ಆ್ಯಪ್ ಮಾಡುವವರಿಗೆ ಇದು ಹೊಳೆಯಬೇಡವಾ? ಇದನ್ನು ಬಳಸುವವರಲ್ಲಿ ಅರ್ಧ ಜನ ಮನೆಯವರಿಗೆ ಗೊತ್ತಾಗಬಾರದು ಅಂತಲೇ ಇಲ್ಲಿಗೆ ಬಂದಿರುತ್ತಾರೆ. ನಾನು ಉಳಿದುಕೊಂಡೆ. ಮನೆಯಿಂದ ಆಚೆ ಹಾಕಿಸಿಕೊಳ್ಳುವವರಿದ್ದಾರೆ, ಧರ್ಮ ಬಿಟ್ಟರೆ ಮರಣದಂಡನೆ ಅನ್ನುವ ಕಾನೂನು ಇರುವ ದೇಶಗಳೂ ಇವೆ. ಕಂಪನಿಗೆ ಬರೆದೆ. "ನಿಮ್ಮ ಸಲಹೆ ನಮಗೆ ಅಮೂಲ್ಯ" ಅಂತ ಉತ್ತರ ಬಂತು, ಅಷ್ಟೇ.

ಅಮ್ಮ ಫೋನ್ ತಂದು ಕೈಗೆ ಕೊಟ್ಟರು. "ಟೈಮ್ ಆಯ್ತಂತೆ ನೋಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಂಗೆ ಗೊತ್ತಿತ್ತು ಕಣೇ. ಪ್ರಾರ್ಥನೆ ಹೊತ್ತಲ್ಲಿ ನೀನು ಕಣ್ಣು ಮುಚ್ಚಲ್ಲ." ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ಅದನ್ನ ನೋಡ್ಬೇಕಾದ್ರೆ ನಾನೂ ಕಣ್ಣು ಬಿಟ್ಟಿರ್ಬೇಕಲ್ವಾ" ಅಂದರು.

ಕೌನ್ಸೆಲಿಂಗ್ ಇನ್ನೂ ಮೂರು ತಿಂಗಳಿಗೆ ಮುಂದುವರಿಸಿದ್ದೇನೆ, ಅದೇ ಎರಡನೆಯವರ ಹತ್ತಿರ. ಗ್ರೂಪ್ ಬಿಟ್ಟಿದ್ದೇನೆ. ಲೆಕ್ಕದ ಪುಸ್ತಕ ಇನ್ನೂ ಅಣ್ಣನ ಹತ್ತಿರವೇ ಇದೆ, ಕೂಡಿಸುವುದರಲ್ಲಿ ಅವನು ತಪ್ಪು ಮಾಡುತ್ತಾನೆ. ನೀವು ಸೇರುವುದಾದರೆ, ಫಾರ್ಮ್ ತುಂಬುವುದಕ್ಕೂ ಮೊದಲು ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಈ ಆ್ಯಪ್‌ನ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ಆ್ಯಪ್ ಒಳಗಿರುವ ಬಟನ್ ನಂಬಬೇಡಿ, ಅದು ಕೆಲಸ ಮಾಡುವುದಿಲ್ಲ.